ಹಗೇವಿನ ಮ್ಯಾಲಿನ ಮನಿ

ಬಿರುಕಿಗೆ ಕಾಗದ ಹಚ್ಚುವುದನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ, ಗೋಡೆ ಕಟ್ಟುವ ಒಬ್ಬ ಗೌಂಡಿ ಕಲಿಸಿದ. ಗೋಡೆ ಬಿರಿದ ಕಡೆ ಎರಡು ಬೆರಳಗಲದ ತೆಳ್ಳನೆಯ ಕಾಗದವನ್ನು ಅಡ್ಡ ಅಂಟಿಸಿ, ಮೇಲೆ ತಾರೀಖು ಬರೆದು ಬಿಡಬೇಕು. ಬಿರುಕು ಹಳೆಯದಾಗಿ ನಿಂತುಹೋಗಿದ್ದರೆ ಕಾಗದ ಹಂಗೇ ಇರುತ್ತದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಹರಿಯುತ್ತದೆ. ಅಷ್ಟೇ ವಿದ್ಯೆ, ಇಂಜಿನಿಯರಿಂಗ್ ಕಾಲೇಜು ಬೇಕಾಗಿಲ್ಲ.

ಆ ಮನೆಯಲ್ಲಿ ನಾನು ಹಚ್ಚಿದ ಕಾಗದ ಎಂಟು ದಿನಕ್ಕೆ ಹರಿದಿತ್ತು.

ನಾನು ಗ್ರಾಮ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ‘ಪಿಡಿಓ ಮೇಡಮ್ಮಾರು’. ತವರು ಕಲಘಟಗಿ ತಾಲೂಕು, ಮಿಶ್ರಿಕೋಟಿ ಬಾಜೂಕಿನ ಹಳ್ಳಿ. ಕೆಂಪು ಮಣ್ಣು, ಭತ್ತದ ಗದ್ದೆ ನೋಡಿ ಬೆಳೆದವಳು. ವರ್ಗವಾಗಿ ಬಂದದ್ದು ನವಲಗುಂದ ಕಡೆಯ ಕರಿಮಣ್ಣಿನ ಎರಿ ನೆಲಕ್ಕೆ. ಇಲ್ಲಿ ಬೇಸಿಗೆಯಲ್ಲಿ ಹೊಲ ಬಿರಿದರೆ ಮೊಣಕೈತನಕ ಕೈ ಒಳಗೆ ಹೋಗುತ್ತದೆ. ಮನೆಗಳೂ ಬಿರಿಯುತ್ತವೆ, ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ಮನೆಗೆ ನಾನು ಹೋದದ್ದು ಬಿರುಕು ನೋಡಲಿಕ್ಕಲ್ಲ. ಮನೆಯ ಯಜಮಾನ ತೀರಿಹೋಗಿ ಮೂರು ವರ್ಷವಾಗಿತ್ತು. ಮನೆಯ ದಾಖಲೆ, ಅಂದರೆ ಉತಾರ, ಇನ್ನೂ ಅವನ ಹೆಸರಿನಲ್ಲೇ ಇತ್ತು. ತನ್ನ ಹೆಸರಿಗೆ ಮಾಡಿಕೊಡಿ ಎಂದು ಹೆಂಡತಿ ಅರ್ಜಿ ಕೊಟ್ಟಿದ್ದಳು. ಹಂಗಿದ್ದಾಗ ನಾವು ಜಾಗಕ್ಕೆ ಹೋಗಬೇಕು, ಟೇಪು ಹಿಡಿದು ಅಳೆಯಬೇಕು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಯಬೇಕು, ಫೋಟೋ ತೆಗೆಯಬೇಕು, ಪಂಚರ ಸಹಿ ಹಾಕಿಸಿ ಮಹಜರು ಮಾಡಬೇಕು. ಅರ್ಧ ದಿನದ ಕೆಲಸ. ನಾನು, ನಮ್ಮ ಕರ ವಸೂಲಿಗಾರ ಇಬ್ಬರೂ ಹೋದೆವು. ಅವನಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಊರಿನ ಪ್ರತಿ ಮನೆಯ ಅಳತೆಯೂ ಅವನಿಗೆ ಬಾಯಿಪಾಠ.

ಆ ಹೆಣ್ಣುಮಗಳು ರೊಟ್ಟಿ ಮಾಡಿ ಮಾರುವವಳು. ರಸ್ತೆಗೆ ಮುಖ ಮಾಡಿದ ಪಡಸಾಲೆಯಲ್ಲಿ ಐದು ಒಲೆ, ಐದು ಹೆಂಗಸರು, ಮುಂಜಾನೆಯಿಂದ ಮಧ್ಯಾಹ್ನದತನಕ ಕಡಕ್ ರೊಟ್ಟಿ. ಬುಟ್ಟಿಗಟ್ಟಲೆ ರೊಟ್ಟಿ ಹುಬ್ಬಳ್ಳಿ ಬಸ್ಸಿಗೆ ಹೋಗುತ್ತಿತ್ತು. ಗಂಡ ಇದ್ದಾಗ ಹಳೆಯ ಮಣ್ಣಿನ ಮನೆ ಕೆಡವಿ ಸ್ಲ್ಯಾಬ್ ಹಾಕಿದ್ದರು, ಆಮೇಲೆ ಮೇಲೊಂದು ಖೋಲಿ ಏರಿಸಿದ್ದರು. ಪರವಾನಿಗೆ ಇರಲಿಲ್ಲ. ಆ ಊರಿನಲ್ಲಿ ಪರವಾನಿಗೆ ತೆಗೆಸಿ ಮನೆ ಕಟ್ಟಿದವರನ್ನು ಹುಡುಕಿದರೆ ಒಂದು ಕೈಯ ಬೆರಳು ಹೆಚ್ಚಾಗುತ್ತವೆ.

ಒಳಗೆ ಕಾಲಿಟ್ಟ ಕೂಡಲೇ ನನಗೆ ಆ ಸಪ್ಪಳ ಕೇಳಿತು. ಎಲ್ಲ ಕಡೆ ರೊಟ್ಟಿ ಬಡಿಯುವುದು ‘ಪಟ್ ಪಟ್’ ಅಂತ ಕೇಳಿದರೆ ಇಲ್ಲಿ ‘ದಬ್ ದಬ್’ ಅನ್ನುತ್ತಿತ್ತು.

“ಸಪ್ಪಳ ಭಾರಿ ಐತಲ್ರಿ?” ಅಂದೆ.

“ಹೌದ್ರಿ ಮೇಡಮ್ಮಾರ!” ಆಕೆ ನಕ್ಕಳು. “ನಮ್ಮ ಮನ್ಯಾಗ ರೊಟ್ಟಿ ಬಡದ್ರ ಡೊಳ್ಳ ಬಾರಿಸಿದಂಗ ಕೇಳತೈತಿ ಅಂತಾರ್ರಿ ಓಣ್ಯಾಗ. ಮನಿ ಗುಣ ಅದು, ಲಕ್ಷ್ಮಿ ಕುಣ್ಯಾಕತ್ತಾಳ ಅಂತಾರ ನಮ್ಮತ್ತಿ.”

ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಉತ್ತರ ಕಣ್ಣ ಮುಂದೆ ಅಲ್ಲ, ಕಿವಿಯೊಳಗೇ ಬಂದು ಹೇಳುತ್ತಿತ್ತು. ನಾನು ಟೇಪು ಬಿಚ್ಚಿ ಉದ್ದ ಎಷ್ಟು, ಅಗಲ ಎಷ್ಟು ಅಂತ ಕೂಗುತ್ತಿದ್ದೆ.

ಪಡಸಾಲೆಯ ಈಶಾನ್ಯ ಮೂಲೆಯಲ್ಲಿ, ಕಾಲಮ್ಮಿನ ಬಾಜೂಕೆ, ಬಿರುಕು ಓರೆಯಾಗಿ ಕಿಟಕಿಯತನಕ ಇಳಿದಿತ್ತು. ಬೆರಳ ಉಗುರು ಹೋಗುವಷ್ಟು. ಕೇಳಿದರೆ, “ಎರಿ ನೆಲಾರಿ, ಎಲ್ಲಾರ ಮನಿನೂ ಬಿರೀತಾವ. ದೀಪಾವಳಿಗೆ ಸುಣ್ಣ ಬಡದ್ರ ಮುಚ್ಚತೈತಿ,” ಅಂದಳು. ನನ್ನ ಚೀಲದಲ್ಲಿ ಅಂಟು ಇತ್ತು. ರೂಢಿ ಅಂತ ಕಾಗದ ಹಚ್ಚಿ ಬಂದೆ.

ಎಂಟು ದಿನ ಬಿಟ್ಟು ಪಂಚರ ಸಹಿಗೆ ಹೋದಾಗ ಹರಿದಿತ್ತು. ಹೊಸದು ಹಚ್ಚಿದೆ. ಅದು ಐದು ದಿನ ತಾಳಿತು.

“ಎರಿ ಮಣ್ಣು ಸರಿದಿರಬೇಕು,” ಅಂದೆ ಕರ ವಸೂಲಿಗಾರನಿಗೆ.

ಅವನು ತಲೆ ಕೆರೆದುಕೊಂಡ. “ಅಲ್ರಿ ಮೇಡಂ, ಈ ಓಣಿ ಎರಿ ಅಲ್ಲ. ಇದು ದಿಬ್ಬ, ಕೆಳಗ ಗಟ್ಟಿ ಗರಸು ಮಣ್ಣು. ಊರಾಗಿನ ಗಟ್ಟಿ ಜಾಗಾ ಅಂದ್ರ ಇದ. ಅದಕ್ಕ ಹಿಂದಿನವರು ಹಗೇವು ತೆಗಸಿದ್ದು ಇಲ್ಲೇ.”

“ಹಗೇವು?”

“ಜ್ವಾಳದ ಹಗೇವುರಿ. ನೆಲದಾಗ ಕೊಡದಂಗ ಕುಣಿ ತೆಗದು, ಸುತ್ತ ಜ್ವಾಳದ ದಂಟಿನ ಕಣಿಕಿ ಹಾಸಿ, ಜ್ವಾಳ ತುಂಬಿ ಬಾಯಿಗೆ ಬಂಡಿಗಲ್ಲು ಮುಚ್ಚಿಬಿಡೂದು. ನಿಮ್ಮ ಕಡೆ ಇಲ್ಲೇನ್ರಿ?”

ನಮ್ಮ ಕಡೆ ಭತ್ತ ಕಣಜದಲ್ಲಿ, ಕಣಜ ನೆಲದ ಮೇಲೆ. ಹಗೇವಿನ ಹೆಸರು ಕೇಳಿದ್ದೆ, ಕಣ್ಣಿಂದ ನೋಡಿರಲಿಲ್ಲ. ಎಲ್ಲಿ ಅದಾವ ಅಂತ ಕೇಳಿದೆ. ಅವನು, “ಗೊತ್ತಿಲ್ರಿ. ನಮ್ಮ ರಿಜಿಸ್ಟರದಾಗ ನೆಲದ ಮ್ಯಾಲಿಂದು ಅಷ್ಟ ಐತಿ,” ಅಂದ.

ಊರಿನಲ್ಲಿ ಒಬ್ಬ ಅಜ್ಜ ಇದ್ದ. ಹರೇದಲ್ಲಿ ಅವನ ಕಸುಬೇ ಹಗೇವಿಗೆ ಇಳಿಯುವುದು. ನಡುವಿಗೆ ಹಗ್ಗ ಕಟ್ಟಿಸಿಕೊಂಡು ಇಳಿದು ಜೋಳ ತುಂಬಿ ಮೇಲೆ ಕಳಿಸುತ್ತಿದ್ದನಂತೆ. ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವನನ್ನು ಕರ ವಸೂಲಿಗಾರ ತನ್ನ ಗಾಡಿಯ ಮೇಲೆ ಕೂರಿಸಿಕೊಂಡು ಬಂದ. ನಾನು ಅಂದುಕೊಂಡದ್ದು, ಅಜ್ಜ ಕೋಲಿನಿಂದ ನೆಲಕ್ಕೆ ಹಾಸಿದ ಪರಸಿ ಕಲ್ಲು ಕುಟ್ಟಿ ನೋಡುತ್ತಾನೆ ಅಂತ. ಅವನು ಹೊಸ್ತಿಲಲ್ಲಿ ಕುಂತುಬಿಟ್ಟ. ಅತ್ತಿತ್ತ ಕಿವಿ ತಿರುಗಿಸಿದ.

“ಆ ಕಡೀಕ ಕುಂತಾಕಿ ಎದ್ದು ಈ ಕಡೆ ಬಂದು ಬಡಿಬೇ ತಂಗಿ,” ಅಂದ.

ಹೆಂಗಸು ಹಲಗೆ ಎತ್ತಿಕೊಂಡು ಸರಿದು ಕುಂತು ರೊಟ್ಟಿ ಬಡಿದಳು. ಪಟ್ ಪಟ್.

“ಇನ್ನೊಂದೀಟ ಆ ಮೂಲೀಗೆ ಸರಿ.”

ದಬ್ ದಬ್.

“ಅಲ್ಲೇ. ಬಳಪ ತಗೊಂಡು ಗೆರಿ ಹಾಕ್ರಿ.”

ಹಿಂಗೆ ಆಕೆಯನ್ನು ಮೂಲೆಯಿಂದ ಮೂಲೆಗೆ ಸರಿಸಿ ಸರಿಸಿ ಅರ್ಧ ತಾಸಿನೊಳಗೆ ಪರಸಿಯ ಮೇಲೆ ಒಂದು ದುಂಡು ಬರೆಸಿದ. ದುಂಡಿನ ಒಂದು ಅಂಚು ಕಾಲಮ್ಮಿನ ಬುಡವನ್ನು ನುಂಗಿತ್ತು. ಐದು ಒಲೆಯಲ್ಲಿ ಮೂರು ದುಂಡಿನೊಳಗೇ ಇದ್ದವು. ಹೆಂಗಸರೆಲ್ಲ ಕೈಯಲ್ಲಿನ ಹಿಟ್ಟು ಕೈಯಲ್ಲೇ ಹಿಡಿದು ನಿಂತಿದ್ದರು.

“ಮುಚ್ಚುವಾಗ ಒಳಗ ಮಣ್ಣು ತುಂಬ್ಯಾರಿಲ್ಲೋ ಅಜ್ಜಾ?” ಅಂತ ಕೇಳಿದೆ.

ಅಜ್ಜ ನನ್ನ ಕಡೆ ತಿರುಗಿದ. ಸಣ್ಣ ಕೂಸು ಹುಚ್ಚು ಮಾತಾಡಿದರೆ ನೋಡುವ ಹಂಗೆ. “ಮಣ್ಣಾ? ಅನ್ನದ ಬಾಯಾಗ ಮಣ್ಣು ಯಾರರೆ ಹಾಕ್ತಾರೇನಬೇ ತಂಗಿ? ಹಗೇವು ಮುಚ್ಚೂದಂದ್ರ ತಳದಾಗ ನಾಕು ಸೇರು ಜ್ವಾಳ ಬಿಟ್ಟು, ಕೈಮುಗದು, ಬಾಯಿಗೆ ಬಂಡಿ ಹಾಕಿ ಬಿಡೂದು. ಹಸಿದ ಹೊಟ್ಟೀಲೆ ಬಿಡಬಾರದು, ಮಣ್ಣು ತುಂಬಬಾರದು. ಈ ಸಾಲಿನಾಗ ಮೂರು ಅದಾವ. ಮೂರೂ ಹಂಗ ಬಿಟ್ಟೀವಿ.”

ಒಳಗಿನ ಖೋಲಿಯಿಂದ ಆಕೆಯ ಅತ್ತೆಯ ದನಿ ಬಂತು. “ನಮ್ಮ ಮಾವನವರ ಹಗೇವುರಿ ಅದು. ಅನ್ನ ಹಾಕಿದ್ದು. ಅದರ ಮ್ಯಾಲ ಮನಿ ಕಟ್ಟಿದ್ರ ಅನ್ನಕ್ಕ ಕಡಿಮಿ ಆಗಂಗಿಲ್ಲ ಅಂತ ನನ್ನ ಮಗಗ ನಾನ ಹೇಳಿದ್ದೆ.”

ಯಾರನ್ನು ಬೈಯಲಿ? ನನಗೆ ಮೊದಲಿನಿಂದ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅವತ್ತು ಸಿಟ್ಟು ಮಾಡಲಿಕ್ಕೂ ಯಾರೂ ಸಿಗಲಿಲ್ಲ. ತಪ್ಪು ಮಾಡಿದವರು ಅಂತ ಯಾರೂ ಇರಲಿಲ್ಲ. ಅನ್ನಕ್ಕೆ ಮರ್ಯಾದೆ ಕೊಟ್ಟವರು ಮಾತ್ರ ಇದ್ದರು.

ಉಪವಿಭಾಗದ ಇಂಜಿನಿಯರ್ ಸಾಹೇಬರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಎರಡನೆಯದು ಬರೆದೆ. ಮೂರನೆಯದನ್ನು ಬಸ್ಸು ಹತ್ತಿ ಕೈಯಲ್ಲೇ ಕೊಟ್ಟು ಬಂದೆ. ಪಾಪ, ಅವರಿಗೂ ಮೂರು ಕಡೆಯ ಜವಾಬ್ದಾರಿ. ಕೊನೆಗೆ ಬಂದರು. ಕಾಲಮ್ ಕುಟ್ಟಿದರು, ಬೀಮು ನೋಡಿದರು, ತೂಗುಗುಂಡು ಇಳಿಬಿಟ್ಟು ಗೋಡೆ ಎಷ್ಟು ವಾಲಿದೆ ಅಂತ ಅಳೆದರು. ಬಿರುಕಿಗೆ ಹಚ್ಚಿದ ನನ್ನ ಕಾಗದಗಳನ್ನು ನೋಡಿ, “ಇದನ್ನ ಯಾರು ಮಾಡಿದ್ದು?” ಅಂದರು. “ನಾನು,” ಅಂದೆ. “ಛಲೋ ಕೆಲಸ,” ಅಂದರು. ನನಗೆ ಖುಷಿಯಾಯಿತು. ಖುಷಿ ಎರಡು ನಿಮಿಷ ಇತ್ತು.

“ಮೇಡಂ, ಕಟ್ಟಡಕ್ಕ ನಾ ವರದಿ ಕೊಡಬಹುದು. ನೆಲದ ಕೆಳಗ ಏನೈತಿ ಅನ್ನೂದಕ್ಕ ನನ್ನ ನಮೂನೆಯೊಳಗ ಕಾಲಂ ಇಲ್ಲ. ಕಾಲೇಜಿನವರಿಂದ ಮಣ್ಣು ಪರೀಕ್ಷಾ ಮಾಡಸ್ರಿ.”

“ಯಾರು ಮಾಡಸಬೇಕ್ರಿ?”

“ಮನಿಯವರು.”

“ಇಲ್ಲೇ ಐತಲ್ರಿ ಸಾಹೇಬ್ರ, ಬಾಯಿ ತೆಗದು ನೋಡಿಬಿಡೂಣು.”

ಅವರು, “ನಾ ನೋಡೇ ಇಲ್ಲ ಅಂತ ತಿಳೀರಿ,” ಅಂದು ಅಲ್ಲೇ ಖುರ್ಚಿ ಹಾಕಿಕೊಂಡು ಕುಂತರು.

ಅಜ್ಜನನ್ನೂ ಕರೆಸಿ ಪರಸಿ ಎಬ್ಬಿಸಿದೆವು. ಕೆಳಗೆ ಬಂಡೆ ಸಿಕ್ಕಿತು, ಅಂಚಿಗೆ ಮೆತ್ತಿದ ಮಣ್ಣು ಇನ್ನೂ ಕಲ್ಲಿನಂತೆ ಇತ್ತು. ಸರಿಸಿದ ಕೂಡಲೇ ಒಂದು ವಾಸನೆ ಬಂತು. ಹುಳಿ ಹಿಟ್ಟು, ಹಸಿ ಮಣ್ಣು, ಹೊಗೆ ಮೂರೂ ಕೂಡಿದಂಥದ್ದು. ಅಜ್ಜ ಯಾರನ್ನೂ ಬಗ್ಗಿ ನೋಡಗೊಡಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿಸಿ ಇಳಿಬಿಡಿಸಿದ. ಒಂದು ಆಳುದ್ದ ಇಳಿಯುವುದರೊಳಗೆ ಕಂದೀಲು ಸೊರಗಿ ಆರಿಹೋಯಿತು. “ನೋಡ್ರಿ, ಒಳಗ ಉಸರಿಲ್ಲ. ಇವತ್ತ ತೆರದಿಡ್ರಿ, ನಾಳೆ ನೋಡೂಣು,” ಅಂದ. ಮರುದಿನ ಕಂದೀಲು ತಳದತನಕ ಉರಿಯಿತು. ಟೇಪಿಗೆ ಕಲ್ಲು ಕಟ್ಟಿ ಬಿಟ್ಟೆ. ಹನ್ನೆರಡು ಫೂಟಿಗೆ ತಳ ಸಿಕ್ಕಿತು. ತಳದಲ್ಲಿ ಕರ್ರಗೆ ಗಟ್ಟಿಯಾದ ಜೋಳ. ಬಾಯಿ ಒಂದೂವರೆ ಫೂಟು, ಹೊಟ್ಟೆ ಮಾತ್ರ ಅಜ್ಜ ಬರೆಸಿದ ದುಂಡಿನಷ್ಟೇ ಅಗಲ. ಕಾಲಮ್ಮಿನ ಬುಡ ಸರಿಯಾಗಿ ಹಗೇವಿನ ಹೆಗಲ ಮೇಲೆ ಕುಂತಿತ್ತು. ಅದರ ಕೆಳಗೆ ಉಳಿದ ಗರಸು ಎರಡು ಫೂಟೂ ಇರಲಿಲ್ಲ, ಅದರಲ್ಲೂ ಒಂದು ತುಂಡು ಕಳಚಿ ಕೆಳಗೆ ಬಿದ್ದಿತ್ತು.

ಇಂಜಿನಿಯರ್ ಸಾಹೇಬರು ಅವತ್ತೂ ಬಂದು ಮೊಬೈಲಿನ ಬೆಳಕು ಹಿಡಿದು ನೋಡಿದರು. ಮೊದಲು ಮೇಲಿನ ಖೋಲಿ ಇಳಿಸಬೇಕು, ಕಾಲಮ್ಮಿಗೆ ಆಸರೆ ಕೊಡಬೇಕು, ಆಮೇಲೆ ಗರಸು ತುಂಬಿ ಪದರ ಪದರ ಬಡಿಯಬೇಕು, ಎಲ್ಲ ಮಳೆಗಾಲಕ್ಕಿಂತ ಮೊದಲು, ಅಂದರು. ವರದಿಯಲ್ಲಿ ಮಾತ್ರ ಬರೆದದ್ದು ಹಿಂಗೆ: ‘ಮೇಲ್ನೋಟಕ್ಕೆ ಕಟ್ಟಡದಲ್ಲಿ ಬಿರುಕು ಕಂಡುಬಂದಿದ್ದು, ನಿಯಮಾನುಸಾರ ಕ್ರಮ ಕೈಗೊಳ್ಳುವುದು.’

ಆ ಕಾಗದ ಹಿಡಿದುಕೊಂಡು ಪಂಚಾಯ್ತಿ ಸಭೆಗೆ ಹೋದೆ. ಹಗೇವು ತುಂಬಿಸಲಿಕ್ಕೆ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇದೆಯೇ ಎಂದು ಪಟ್ಟಿ ಪೂರ್ತಿ ತಿರುವಿ ನೋಡಿದ್ದೆ. ಕೃಷಿ ಹೊಂಡ ತೆಗೆಯಲಿಕ್ಕೆ ಇದೆ, ಇಂಗು ಗುಂಡಿಗೆ ಇದೆ. ಕುಣಿ ತೆಗೆಯುವುದಕ್ಕೆ ಬೇಕಾದಷ್ಟು ಯೋಜನೆ, ಮುಚ್ಚುವುದಕ್ಕೆ ಒಂದೂ ಇಲ್ಲ. ಪಂಚಾಯ್ತಿಯ ಸ್ವಂತ ದುಡ್ಡನ್ನು ಖಾಸಗಿ ಜಾಗಕ್ಕೆ ಹಾಕುವಂತಿಲ್ಲ.

ಅಧ್ಯಕ್ಷರು ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. “ಮೇಡಮ್ಮಾರ, ಈ ಮನಿ ಬೀಳೂ ಧೋಕಾ ಐತಿ ಅಂತ ಇವತ್ತ ಠರಾವು ಮಾಡಿದ್ವಿ ಅನ್ನೂಣು. ನಾಳೆ ಆ ಸಾಲಿನವರೆಲ್ಲಾ ನಮ್ಮ ಮನಿನೂ ನೋಡ್ರಿ ಅಂತಾರ. ಇಡೀ ದಿಬ್ಬದ ಮ್ಯಾಲ ನಲವತ್ತು ಮನಿ ಅದಾವ. ಎಲ್ಲಾರಿಗೂ ನೋಟಿಸು ಕೊಟ್ಟು ಎಲ್ಲಿ ಕಳಸ್ತೀರಿ? ನಿಮ್ಮ ಆಫೀಸಿನ ಮಾಳಗಿ ಮ್ಯಾಲೇನು?”

“ಬಿದ್ದು ಮಂದಿ ಸತ್ರರಿ?”

“ಬಿದ್ರ ಪರಿಹಾರ ಬರತೈತಲ್ರಿ. ಬೀಳೂದಕ್ಕಿಂತ ಮೊದಲ ಸರಕಾರ ಯಾರಿಗೇನು ಕೊಟ್ಟೈತಿ?”

ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕುಂತೆ. ಅಳು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನನ್ನ ಕೈಯಲ್ಲಿ ಉಳಿದದ್ದು ಒಂದೇ, ನೋಟಿಸು. ಅಪಾಯದ ಕಟ್ಟಡ ಖಾಲಿ ಮಾಡಿರಿ ಅಂತ ಬರೆಯುವ ಅಧಿಕಾರ ಕಾಯ್ದೆಯಲ್ಲಿತ್ತು.

ಕರ ವಸೂಲಿಗಾರ ಬೇಡ ಅಂದ. ನೋಟಿಸಿನ ಕರಡು ನೋಡಿ ಬಾಗಿಲು ಮುಂದಕ್ಕೆ ಮಾಡಿ ಬಂದು ಮೆಲ್ಲಗೆ ಅಂದ. “ಮೇಡಂ, ಮೂವತ್ತು ವರ್ಷದಿಂದ ನೋಡಾಕತ್ತೇನಿ. ಇಂಥಾದ್ದು ಬಾಯಿಲೆ ಹೇಳ್ರಿ. ಕಾಗದದಾಗ ಹೇಳಬ್ಯಾಡ್ರಿ. ಬಾಯಿಲೆ ಹೇಳಿದ ಮಾತು ಕೇಳಿದವರ ಕಡೆ ಹೋಗಿ ನಿಲ್ಲತೈತಿ. ಕಾಗದ ಎಲ್ಲಿ ಹೋಗತೈತಿ ಗೊತ್ತಾಗಂಗಿಲ್ಲ.”

“ನಾಳೆ ಮನಿ ಬಿದ್ದು ಐದು ಹೆಣಾ ಬಿದ್ರ ನನ್ನ ಕೇಳಂಗಿಲ್ಲೇನ್ರಿ? ಗೊತ್ತಿದ್ದೂ ಏನ್ ಮಾಡಿದಿ ಅಂತ ಕೇಳಂಗಿಲ್ಲೇನು?” ಅಂತ ನಾನು ಅವನ ಮೇಲೆ ಹರಿಹಾಯ್ದೆ. ಅವನು ವಯಸ್ಸಿನಲ್ಲಿ ನನ್ನ ಕಾಕಾನಷ್ಟು. ಸೀಲು ತಂದು ಮೇಜಿನ ಮೇಲಿಟ್ಟ.

ಈ ಮಾತನ್ನು ಬಿಡಿಸಿ ಹೇಳಬೇಕು. ಆ ನೋಟಿಸು ಬರೆಯುವಾಗ ನನಗೆ ಆ ಹೆಂಗಸರ ಚಿಂತೆ ಇತ್ತು, ಸುಳ್ಳಲ್ಲ. ಆದರೆ ಅದರ ಬಾಜೂಕೆ ನನ್ನ ನೌಕರಿಯ ಚಿಂತೆಯೂ ಕುಂತಿತ್ತು. ಯಾವುದು ಹೆಚ್ಚಿತ್ತು ಅಂತ ಆಗ ನಾನು ಅಳೆದು ನೋಡಲಿಲ್ಲ. ‘ಸದರಿ ಕಟ್ಟಡವು ಶಿಥಿಲಗೊಂಡಿದ್ದು ವಾಸಕ್ಕೆ ಯೋಗ್ಯವಿರುವುದಿಲ್ಲ. ಕೂಡಲೇ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಮುಂದಾಗುವ ಅನಾಹುತಕ್ಕೆ ತಾವೇ ಜವಾಬ್ದಾರರು.’ ಪ್ರತಿ ತಹಶೀಲ್ದಾರರಿಗೆ, ಪ್ರತಿ ತಾಲೂಕು ಪಂಚಾಯ್ತಿಗೆ, ಪ್ರತಿ ಕಡತಕ್ಕೆ.

ಮನೆಗೆ ನಾನೇ ಒಯ್ದು ಕೊಟ್ಟೆ. ಆಕೆ ಹೆಬ್ಬೆಟ್ಟಿನ ಡಬ್ಬಿ ದೂಡಿ ಪೆನ್ನು ಇಸಕೊಂಡಳು. ರೊಟ್ಟಿ ವ್ಯವಹಾರ ಶುರು ಮಾಡಿದ ಮೇಲೆ ಬ್ಯಾಂಕಿಗಾಗಿ ಸಹಿ ಕಲಿತಿದ್ದಳಂತೆ. ನಾಲಿಗೆ ಹಲ್ಲಿನಲ್ಲಿ ಹಿಡಿದು ಒಂದೊಂದೇ ಅಕ್ಷರ ಬರೆದಳು. ದುಂಡಗೆ, ಚಂದ.

“ಏನ್ ಬರದೀರಿ ಇದರಾಗ?”

ಹೇಳಿದೆ. ಖಾಲಿ ಮಾಡಬೇಕು ಅಂದದ್ದಕ್ಕೆ ಕೆಂಡದಂಗಾದಳು. “ಎಲ್ಲಿ ಹೋಗ್ಲಿರಿ? ಐದು ಒಲಿ, ಅತ್ತಿ, ಇಬ್ಬರು ಹುಡುಗ್ಯಾರ್ನ ತಲಿ ಮ್ಯಾಲ ಹೊತಗೊಂಡು ಎಲ್ಲಿ ಹೋಗ್ಲಿ? ಒಂದ್ ಮನಿ ತೋರಸ್ರಿ, ಈಗ ಹೋಗ್ತೇನಿ!”

ನನ್ನ ಹತ್ತಿರ ಮನೆ ಇರಲಿಲ್ಲ. ಕಾಯ್ದೆಯಲ್ಲೂ ಇರಲಿಲ್ಲ. ನಾನು ಆಕೆಯ ಕೈ ಹಿಡಿದೆ. ಅಧಿಕಾರಿ ಅನ್ನುವುದೆಲ್ಲ ಬಿಟ್ಟು ಅಂದೆ, “ಹೋಗಬ್ಯಾಡ ತಂಗಿ. ಈ ಪಡಸಾಲಿ ಒಂದು ಬಿಡು. ಒಲಿ ಹಿತ್ತಲಕ್ಕ ಒಯ್ಯಿ, ಮ್ಯಾಲ ಪತ್ರಾಸ ತಗಡು ಹೊದಸಿಕೋ. ಹುಡುಗ್ಯಾರು, ಅತ್ತಿ ಹಿಂದಿನ ಖೋಲ್ಯಾಗ ಮಲಗಲಿ. ನನ್ನ ಆಣಿ ಐತಿ ನಿನಗ.”

ಆಕೆ ಗೊಣಗಿದಳು. ಹಿತ್ತಲಲ್ಲಿ ಗಾಳಿಗೆ ಒಲೆ ಹತ್ತುವುದಿಲ್ಲ ಅಂದಳು. ಆದರೆ ಮೂರು ದಿನ ಬಿಟ್ಟು ನೋಡಿದರೆ ಐದೂ ಒಲೆ ಹಿತ್ತಲಲ್ಲಿ ಇದ್ದವು. ಅಲ್ಲಿ ರೊಟ್ಟಿ ಪಟ್ ಪಟ್ ಅನ್ನುತ್ತಿತ್ತು. ಒಬ್ಬಳು, “ಸಪ್ಪಳದಾಗ ರುಚಿ ಇಲ್ರಿ ಮೇಡಮ್ಮಾರ,” ಅಂತ ನನ್ನನ್ನು ಕಾಡಿಸಿದಳು.

ಉಳಿದದ್ದು ಮೇಲಿನ ಖೋಲಿ ಇಳಿಸಿ ಹಗೇವು ತುಂಬುವುದು. ಆಕೆ ಒಪ್ಪಿದಳು. ಗರಸಿನ ಟ್ರ್ಯಾಕ್ಟರಿಗೆ ಹೇಳಿದ್ದಳು, ಗೌಂಡಿಗೂ ಹೇಳಿದ್ದಳು. ಅತ್ತೆ ಮಾತ್ರ ಅನ್ನದ ಬಾಯಿಗೆ ಮಣ್ಣು ಹಾಕಲಿಕ್ಕೆ ಸುತರಾಂ ಒಪ್ಪಲಿಲ್ಲ. ಅಜ್ಜನನ್ನೇ ಕರೆತಂದೆ. ಅವನು ಒಂದು ದಾರಿ ಹೇಳಿದ. “ಹೆಣ್ಮಗಳ್ನ ಕಳಸೂವಾಗ ಬರಗೈಲೆ ಕಳಸ್ತಾರೇನು? ಉಡಿ ತುಂಬ್ರಿ. ಜ್ವಾಳ, ಕೊಬ್ರಿ, ಖಣ ಇಳಿಬಿಟ್ಟು, ಆಮ್ಯಾಲ ಗರಸು ಹಾಕ್ರಿ. ಅದಕ್ಕೂ ಸಮಾಧಾನ, ನಿಮಗೂ ಸಮಾಧಾನ.” ಮುದುಕಿ ಕಣ್ಣೊರೆಸಿಕೊಂಡು ಹೂಂ ಅಂದಳು. “ಕಾರಹುಣ್ಣಿವಿ ಆಗ್ಲಿ. ಎತ್ತಿನ ಹಬ್ಬಕ್ಕ ಮುಂಚೆ ಭೂಮ್ತಾಯಿ ಹೊಟ್ಟಿ ಮುಟ್ಟಬಾರದು,” ಅಂದಳು. ಹುಣ್ಣಿಮೆಗೆ ಒಂಬತ್ತು ದಿನ ಇತ್ತು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಮಳೆ ಹುಣ್ಣಿಮೆಗೆ ಕಾಯಲಿಲ್ಲ. ನಾಲ್ಕು ದಿನ ಮೊದಲೇ ಹಿಡಿಯಿತು. ಮೊದಲ ದಿನ ಜನ ಖುಷಿಪಟ್ಟರು. ಎರಡನೆಯ ದಿನ ಜಡಿಮಳೆ. ಮೂರನೆಯ ದಿನ ಮಧ್ಯಾಹ್ನ ಎರಡರ ಸುಮಾರಿಗೆ ನಾನು ಆಫೀಸಿನಲ್ಲಿ ಡಬ್ಬಿ ತೆರೆದಿದ್ದೆ, ಕರ ವಸೂಲಿಗಾರ ತೊಯ್ದುಕೊಂಡು ಒಳಗೆ ಬಂದ. “ಹೋತ್ರಿ,” ಅಂದ.

ಚಪ್ಪಲಿ ಇಲ್ಲದೆ ಓಡಿದೆ. ಓಣಿಯ ಗಟಾರದ ನೀರು ಪೂರಾ ಹಗೇವಿನೊಳಗೆ ಹರಿದಿತ್ತು. ಮೂಲೆಯ ಕಾಲಮ್ಮು ಒಂದು ಮಾರು ನೆಲದೊಳಗೆ ಇಳಿದು ನಿಂತಿತ್ತು. ಅದರ ಬೆನ್ನಿಗೆ ಪಡಸಾಲೆಯ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಮೇಲಿನ ಖೋಲಿ, ಎಲ್ಲ ಮುಖ ಅಡಿಯಾಗಿ ಬಿದ್ದಿದ್ದವು. ಹಿಂದಿನ ಖೋಲಿಯ ಗೋಡೆಯೂ ಹೊಟ್ಟೆ ಬಿಟ್ಟಿತ್ತು, ಇವತ್ತೋ ನಾಳೆಯೋ ಅನ್ನುವ ಹಂಗೆ. ಆಕೆ, ಅತ್ತೆ, ಐದು ಹೆಂಗಸರು ಹಿತ್ತಲಿನ ಪತ್ರಾಸದ ಕೆಳಗೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ಹುಡುಗಿಯರು ಸಾಲೆಯಲ್ಲಿದ್ದರು. ನಾನು ಎಣಿಸಿದೆ. ಮತ್ತೆ ಎಣಿಸಿದೆ. ಏಳು. ಕೆಸರಿನಲ್ಲೇ ಕುಂತೆ.

ಮಳೆಗೆ ಬಿದ್ದ ಮನೆಗಳ ಜಂಟಿ ತನಿಖೆ ಹದಿನೈದು ದಿನದ ಮೇಲೆ ನಡೆಯಿತು. ಕಂದಾಯ ನಿರೀಕ್ಷಕರು, ಇಂಜಿನಿಯರ್ ಸಾಹೇಬರು, ನಾನು. ಮಳೆಗೆ ಪೂರ್ತಿ ಬಿದ್ದ ಮನೆಗೆ ಸರಕಾರ ಹೊಸ ಮನೆ ಕಟ್ಟಿಕೊಳ್ಳಲಿಕ್ಕೆ ನೆರವು ಕೊಡುತ್ತದೆ. ಅದೊಂದು ಸಿಕ್ಕರೆ ಆಕೆ ಮತ್ತೆ ನಿಲ್ಲಬಹುದು ಅಂತ ನಾನು ದಿನ ಎಣಿಸುತ್ತಿದ್ದೆ. ಫೋಟೋ, ಅಳತೆ ಎಲ್ಲ ಮುಗಿದ ಮೇಲೆ ಕಂದಾಯ ನಿರೀಕ್ಷಕರು ಚೀಲದಿಂದ ಒಂದು ಕಾಗದ ತೆಗೆದರು. ದೂರದಿಂದಲೇ ಗುರುತು ಸಿಕ್ಕಿತು. ನನ್ನ ಸೀಲು.

“ಇದು ಮಳೀಗೆ ಬಿದ್ದದ್ದಲ್ಲಲ್ರಿ ಮೇಡಂ. ಮಳಿಗಿಂತ ಮೊದಲ ಶಿಥಿಲ ಆಗೇತಿ ಅಂತ ನೀವ ಬರದೀರಿ. ತೆರವು ಮಾಡ್ರಿ ಅಂದೀರಿ, ಮಾಡಿಲ್ಲ. ಪರವಾನಿಗೆ ಬ್ಯಾರೆ ಇಲ್ಲ. ಪ್ರಕೃತಿ ವಿಕೋಪದಾಗ ಹೆಂಗ ಹಾಕೂದು?”

“ಮೂರು ದಿನ ಜಡಿ ಹಿಡಿದಿದ್ದು ಊರಿಗೆಲ್ಲಾ ಗೊತ್ತೈತಲ್ರಿ! ಮಳಿ ಬರದಿದ್ರ ಹುಣ್ಣಿವಿಗೆ ತುಂಬಸ್ತಿದ್ವಿ!”

“ಖರೆ ಇರಬಹುದ್ರಿ. ನೀವು ಹೇಳೂದು ಬಾಯಿ ಮಾತು, ಇದು ದಾಖಲೆ.”

ಇಂಜಿನಿಯರ್ ಸಾಹೇಬರು ಬೇರೆ ಕಡೆ ನೋಡುತ್ತಿದ್ದರು. ನಾನು ಜಗಳ ಮಾಡಿದೆ. ತಹಶೀಲ್ದಾರರ ಕಚೇರಿಗೆ ಹೋದೆ, ಅಲ್ಲಿಂದ ಮೇಲಕ್ಕೂ ಬರೆದೆ. ನೋಟಿಸು ಮುನ್ನೆಚ್ಚರಿಕೆಗಾಗಿ ಕೊಟ್ಟದ್ದು, ಮನೆ ಮಳೆ ನೀರಿನಿಂದಲೇ ಕುಸಿದದ್ದು ಎಂದು ನಾಲ್ಕು ಪುಟ ಬರೆದೆ. ತಿರುಗಿ ಬಂದ ಉತ್ತರ ಒಂದೇ ಸಾಲು. ನಿಯಮಾನುಸಾರ ಕ್ರಮ ಕೈಗೊಳ್ಳುವುದು. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರೆ. ಇಲ್ಲಿ ಪೂಜಾರಿ ನಾನೇ ಆಗಿದ್ದೆ.

ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ತಾಲೂಕಿನ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, ಸಮಯಕ್ಕೆ ಸರಿಯಾಗಿ ನೋಟಿಸು ನೀಡಿ ಕರ್ತವ್ಯ ನಿರ್ವಹಿಸಿದ್ದಾರೆ ಅಂತ ನನ್ನ ಹೆಸರು ತೆಗೆದುಕೊಂಡರು. ಉಳಿದವರು ತಿರುಗಿ ನೋಡಿದರು. ಎದ್ದು ಹೊರಗೆ ಹೋಗಬೇಕು ಅನಿಸಿತು. ಹೋಗಲಿಲ್ಲ.

ಆ ಸಾಲಿನ ಉಳಿದೆರಡು ಹಗೇವಿನ ಮನೆಯವರಿಗೆ ಬಾಯಿಂದಲೇ ಹೇಳಿದೆ. ಒಬ್ಬರು ತುಂಬಿಸಿದರು. ಇನ್ನೊಬ್ಬರು, “ನೋಟಿಸು ಒಂದು ಕೊಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ,” ಅಂದರು.

ಶ್ರಾವಣದಲ್ಲಿ ಒಂದು ದಿನ ಆಕೆ ಆಫೀಸಿಗೆ ಬಂದಳು. ಆಗ ಹಿಂದಿನ ಖೋಲಿಯೂ ಬಿದ್ದಿತ್ತು. ಪತ್ರಾಸದ ಕೆಳಗೇ ಸಂಸಾರ, ಒಬ್ಬ ಮಗಳು ಸಾಲೆ ಬಿಟ್ಟು ರೊಟ್ಟಿಗೆ ಕುಂತಿದ್ದಳು. ಐದು ಒಲೆಯಲ್ಲಿ ಎರಡು ಉರಿಯುತ್ತಿದ್ದವು. ಖುರ್ಚಿ ಕೊಟ್ಟರೂ ಕೂರಲಿಲ್ಲ.

“ಮೇಡಮ್ಮಾರ, ಒಂದ್ ಉಪಕಾರ ಮಾಡ್ರಿ. ಆ ನೋಟಿಸು ನಮಗ ಮುಟ್ಟಿಲ್ಲ ಅಂತ ಬರದುಕೊಡ್ರಿ. ಮುಟ್ಟಿಲ್ಲಂದ್ರ ಮನಿ ಬರತೈತಂತ ಯಾರೋ ಹೇಳಿದ್ರು.”

“ಹೆಂಗ ಬರೀಲಿ ತಂಗಿ? ಮೂರು ಕಡೆ ಪ್ರತಿ ಅದಾವ. ನಿನ್ನ ಸಹಿ ಐತಿ.”

“ಸಹಿ ಐತ್ರಿ. ಓದಾಕ ಬರತೈತಿ ಅಂತ ಯಾರು ಹೇಳಿದ್ರು ನಿಮಗ?” ಆಕೆಯ ದನಿ ಏರಲಿಲ್ಲ. ಅದೇ ಕಷ್ಟವಾಯಿತು ನನಗೆ. “ನನಗ ಹೆಸರು ಬರಿಯಾಕ ಅಷ್ಟ ಬರತೈತಿ. ನಾ ಒಲಿ ಹಿತ್ತಲಕ್ಕ ಒಯ್ದದ್ದು ಆ ಕಾಗದ ನೋಡಿ ಅಲ್ರಿ. ನೀವು ನನ್ನ ಕೈ ಹಿಡಿದು ಆಣಿ ಹಾಕಿದ್ರಿ, ಅದಕ್ಕ ಒಯ್ದೆ. ಏಳು ಮಂದಿ ಉಳದ್ವಿ, ನಿಮ್ಮ ಹೊಟ್ಟಿ ತಣ್ಣಗಿರಲಿ. ಹೇಳೂದು ಹೇಳಿದ್ರಿ, ನಾ ಕೇಳಿದೆ. ಹಂಗಾರ ಆ ಕಾಗದ ಯಾರಿಗೆ ಬರದಿದ್ರಿ ಮೇಡಮ್ಮಾರ?”

ಕರ ವಸೂಲಿಗಾರ ಅಲ್ಲೇ ಇದ್ದ. ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

ನನಗಾಗಿಯೇ ಬರೆದುಕೊಂಡೆ ಅಂತ ಹೇಳಬೇಕಿತ್ತು. ಬಾಯಿಯತನಕ ಬಂದಿತ್ತು. ನಾನು ಕಡತ ತೆಗೆದೆ, ಏನೋ ಹುಡುಕುವವಳ ಹಂಗೆ ಹಾಳೆ ತಿರುವಿದೆ. ನೋಟಿಸಿನ ಕೆಳಗೆ ಆಕೆಯ ಸಹಿ ಇತ್ತು, ದುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ಆಕೆ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದಳು.